ಚಿಲಕಕ್ಕೆ ಕಟ್ಟಿದ ಕರಪತ್ರ

ಯುದ್ಧ ಶುರುವಾದ ಹನ್ನೊಂದನೇ ವಾರದ ಮಂಗಳವಾರ, ಬೆಳಿಗ್ಗೆ 9.10ಕ್ಕೆ ನೂಲಿನ ಗಿರಣಿಯ ಮ್ಯಾನೇಜರು ಠಾಣೆಗೆ ಬಂದು ಇನ್ಸ್‌ಪೆಕ್ಟರರ ಮೇಜಿನ ಮೇಲೆ ಒಂದು ಕರಪತ್ರ ಇಟ್ಟರು.

‘ಶತ್ರುವಿನ ಹಡಗುಗಳು ತೀರದ ಹತ್ತಿರ ಬಂದಿವೆ. ಮೊದಲು ವಿಮಾನಗಳು ಬರುತ್ತವೆ. ಊರಿನ ಸೈರನ್ ಸುಟ್ಟುಹೋಗಿದೆ. ಅದಕ್ಕಾಗಿ ಕಾಯಬೇಡಿ. ವಿಮಾನದ ಸದ್ದು ಕೇಳಿದೊಡನೆ ಓಡಿ.’

"ಇನ್ನೂರು ಮನೆಗೆ ಕಟ್ಟಿದಾರೆ. ಹೆಂಗಸರೆಲ್ಲ ಆಕಾಶ ನೋಡ್ತಾ ನಿಂತ್ರೆ ನೂಲು ಯಾರು ನೋಡ್ತಾರೆ?"

ಎಫ್‌ಐಆರ್ ದಾಖಲಾಯಿತು. ಭೀತಿ ಹರಡಿ ಶತ್ರುವಿಗೆ ನೆರವಾದ ಆರೋಪ. ಏಳು ವರ್ಷ ಸಜೆಯ ಕಲಮು.

10.30ಕ್ಕೆ ಕಾರ್ಮಿಕರ ಕೇರಿಯಲ್ಲಿ ಪಂಚನಾಮೆ ಶುರು. ಪ್ರತಿ ಬಾಗಿಲ ಚಿಲಕಕ್ಕೂ ಸಣ್ಣ ತಾಮ್ರದ ತಂತಿಯಲ್ಲಿ ಕರಪತ್ರ ಕಟ್ಟಲಾಗಿತ್ತು. ಮೀಸೆ ಬೋಳಿಸಿ ವರ್ಷವಾದರೂ ‘ಮೀಸೆ’ ಎಂದೇ ಕರೆಸಿಕೊಳ್ಳುವ ಹೆಡ್ ಕಾನ್‌ಸ್ಟೆಬಲ್ ಬಗ್ಗಿ ನೋಡಿದ.

"ಎರಡು ಸುತ್ತು ಸುತ್ತಿ ತುದಿ ಒಳಕ್ಕೆ ಮಡಚಿದಾನೆ ಸಾರ್. ಯಾರ ಕೈಗೂ ಚುಚ್ಚಬಾರದು ಅಂತ. ದೇಶದ್ರೋಹಿ ಭಾರಿ ಮರ್ಯಾದಸ್ಥ."

ತಂತಿ ಕಪ್ಪಾಗಿತ್ತು. ಮೋಟಾರು ರಿಪೇರಿ ಅಂಗಡಿಗೆ ಒಯ್ದು ತೋರಿಸಿದಾಗ ಅಂಗಡಿಯವನು ಅದನ್ನು ಉಗುರಿನಿಂದ ಕೆರೆದ. "ಸುಟ್ಟ ಮೋಟಾರಿಂದ ಬಿಚ್ಚಿದ್ದು. ಇಂಥ ತಂತಿಯ ಮೋಟಾರು ಊರಲ್ಲಿರೋದು ಒಂದೇ. ಸೈರನ್ನಿಂದು."

ಮಧ್ಯಾಹ್ನ 3ಕ್ಕೆ ಅಗ್ನಿಶಾಮಕ ಠಾಣೆಯ ತಾರಸಿ. ಸೈರನ್ ಕೋಣೆಯ ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತ ಎದ್ದು ನಿಂತ. ಐವತ್ತು ದಾಟಿದ ಆಸಾಮಿ. ಗೋಡೆಯ ಮೇಲಿನ ವೈರುಗಳ ಕಟ್ಟಿಗೂ ಎರಡೇ ಸುತ್ತು, ತುದಿ ಒಳಕ್ಕೆ. ಇನ್ಸ್‌ಪೆಕ್ಟರರು ಸೈರನ್ನಿನ ಗುಂಡಿ ಒತ್ತಿದರು. ಹೊರಗೆ ಕೂತಿದ್ದ ಪಾರಿವಾಳಗಳು ಕದಲಲಿಲ್ಲ.

"ಎಷ್ಟು ದಿನ ಆಯ್ತು?"

"ಐದು ವಾರ."

"ಯಾರಿಗೂ ಹೇಳಲಿಲ್ವಾ?"

"ನಾಲ್ಕು ಸಲ ಬರೆದು ಕೊಟ್ಟೆ. ಬಾಯಿ ಬಿಟ್ಟರೆ ಜನ ಗಾಬರಿ ಬೀಳ್ತಾರೆ, ಸುಮ್ನಿರು ಅಂದ್ರು ಮೇಲಿನವರು. ಗಾಬರಿ ಬೀಳೋದಕ್ಕಾದ್ರೂ ಜನ ಉಳೀಬೇಕಲ್ಲ ಸಾರ್."

4.20ಕ್ಕೆ ಡಿವೈಎಸ್‌ಪಿಯವರ ಫೋನು.

"ಪಂಚನಾಮೆಯಲ್ಲಿ ‘ತಂತಿ’ ಅಂತಷ್ಟೇ ಬರೀರಿ. ಎಲ್ಲಿಯದು, ಏನು, ಬೇಡ."

"ಇವನೇ ಕಟ್ಟಿದ್ದು ಅನ್ನೋಕೆ ಇರೋ ಸಾಕ್ಷಿ ಅದೊಂದೇ ಸಾರ್. ತೆಗೆದರೆ ಕೇಸು ಬಿತ್ತು."

"ತಪ್ಪೊಪ್ಪಿಗೆ ಬರೆಸ್ಕೊಳ್ಳಿ."

"ಠಾಣೇಲಿ ಬರೆಸಿದ್ದನ್ನ ಕೋರ್ಟು ಒಪ್ಪಲ್ಲ."

ಆ ಕಡೆಯಿಂದ ಫೋನು ಕಟ್ಟಾಯಿತು. ವರ್ಗಾವಣೆಯ ಆದೇಶ ನಾಳೆಯೇ ಬರಬಹುದೆಂದು ಇನ್ಸ್‌ಪೆಕ್ಟರರಿಗೆ ಗೊತ್ತಿತ್ತು. ಮೆಕ್ಯಾನಿಕ್ಕಿನ ಕಡೆ ತಿರುಗಿದರು.

"ತಂತಿ ಎಲ್ಲಿಯದು ಅಂತ ಪೂರ್ತಿ ಬರೆದರೆ ನಿಮಗೆ ಶಿಕ್ಷೆ ತಪ್ಪಲ್ಲ."

"ಕೋರ್ಟಲ್ಲಿ ಗಟ್ಟಿಯಾಗಿ ಓದ್ತಾರಾ?"

"ಓದಲೇಬೇಕು. ಪತ್ರಿಕೆಯವರೂ ಇರ್ತಾರೆ."

"ಹಂಗಾದ್ರೆ ಬರೀರಿ."

ಮೀಸೆ ಪೆನ್ನಿನ ಮುಚ್ಚಳ ತೆಗೆದು ಪಂಚನಾಮೆಯಲ್ಲಿ ಬರೆದ: ‘ಐದು ವಾರಗಳಿಂದ ಕೆಲಸ ಮಾಡದ ಊರಿನ ಸೈರನ್ನಿನ ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ.’ ಬೆಳಿಗ್ಗೆಯಿಂದ ಜೊತೆಗಿದ್ದ ಇಬ್ಬರು ಪಂಚರು ಸಹಿ ಹಾಕಿದರು. 5.05ಕ್ಕೆ ಬಂಧನ.

ಯಾಕೆ ಮಾಡಿದ ಎನ್ನುವುದಕ್ಕೆ ಕೇಸ್ ಡೈರಿಯಲ್ಲಿ ಮೂರು ಸಾಲು ಸಾಕಾಯಿತು. ಆರೋಪಿಯ ಒಬ್ಬಳೇ ಮಗಳು ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದಾಳೆ. ಪಾಳಿ ಶುರುವಾದ ಮೇಲೆ ಗಿರಣಿಯವರು ಹೊರಗಿನಿಂದ ಬೀಗ ಹಾಕುತ್ತಾರೆ; ಸೈರನ್ ಮೊಳಗಿದರೆ ಮಾತ್ರ ತೆಗೆಯಬೇಕೆಂದು ಕಾವಲುಗಾರನಿಗೆ ಆದೇಶವಿದೆ. ಒಳಗಿರುವವರು ಆರುನೂರು ಹೆಂಗಸರು, ಬಾಗಿಲು ಒಂದು.