ಜಂಟಿ ಪುಟ

ಊರಲ್ಲಿ ಅಮ್ಮನನ್ನು ಮಣ್ಣು ಮಾಡಿ ಮುಗಿದ ಮೇಲಷ್ಟೇ ಕದಿರೇಶ ಫೋನ್ ನೋಡಿದ್ದು. ಅಣ್ಣ ಅರುಣ್‌ಕುಮಾರ್ ಹೇಳಿದ್ದು ಇಷ್ಟೇ: “ಬೆಳಗ್ಗೆಯಿಂದ ಮಾಡ್ತಾನೇ ಇದೀವಿ, ನೀನು ಎತ್ತಲಿಲ್ಲ. ಬಿಸಿಲು ಕಣೋ. ಎಷ್ಟೊತ್ತು ಅಂತ ಇಟ್ಕೊಳ್ಳೋದು?” ಕದಿರೇಶ ಆಗ ಮಾಲೂರಿನ ಕಂಪನಿಯ ಸರ್ವರ್ ಕೋಣೆಯಲ್ಲಿದ್ದ. ಅದರೊಳಕ್ಕೆ ಫೋನ್ ಒಯ್ಯುವ ಹಾಗಿಲ್ಲ. ಶ್ರೀನಿವಾಸಪುರದ ತೋಟ ತಲುಪಿದಾಗ ಮಾವಿನ ಮರಗಳ ಕೆಳಗೆ ಹಸಿ ಮಣ್ಣಿನ ಗುಡ್ಡೆಯೊಂದಿತ್ತು, ಮೇಲೆ ಚೆಂಡುಹೂವು. ಅವನಿಗೆ ಅಳು ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚುತ್ತಾರಲ್ಲ, ಎದೆಯೊಳಗೆ ಹಾಗೆ ಜೋಮು ಹಿಡಿದಿತ್ತು.

ಕಾಯಿ ಕಳ್ಳರ ಕಾಟವೆಂದು ಅಣ್ಣ ತೋಟಕ್ಕೆ ಬೇಲಿ ಹಾಕಿಸಿ ಗೇಟಿಗೆ ಬೀಗ ಜಡಿದ. ಅಮ್ಮನ ಹತ್ತಿರ ಒಂದು ಗಳಿಗೆ ಕೂತು ಬರಬೇಕೆಂದರೂ ಬೀಗದ ಕೈ ಬೇಡಬೇಕು. ಅವತ್ತೇ ಕದಿರೇಶ ತೀರ್ಮಾನಿಸಿದ, ತೋಟ ತನ್ನದಾಗಬೇಕು, ಬೀಗ ತನ್ನದಾಗಬೇಕು. ಕೋರ್ಟಿಗೆ ಅಲೆಯುವುದು ಬೇಡವೆಂದು ಇಬ್ಬರೂ ಕೋಲಾರದ ವಕೀಲೆ ಶ್ಯಾಮಲಾ ಅವರ ಮಾತಿಗೆ ಬದ್ಧರೆಂದು ಸಹಿ ಹಾಕಿದ್ದರು. ಒಬ್ಬನಿಗೆ ತೋಟ, ಇನ್ನೊಬ್ಬನಿಗೆ ಕೋಲಾರದ ಮನೆ. ತೀರ್ಪಿನ ಒಕ್ಕಣೆಯನ್ನೂ ಅವರು ಮೊದಲೇ ಇಬ್ಬರಿಗೂ ಕಳಿಸಿದ್ದರು. ಅದರಲ್ಲಿ ಹೆಸರಿನ ಜಾಗ ಮಾತ್ರ ಖಾಲಿ.

ಅಷ್ಟರಲ್ಲಿ ಅಣ್ಣ ಇನ್ನೊಂದು ಮಾತು ಹೇಳಿಕಳಿಸಿದ. ಸೋಮವಾರದ ತೀರ್ಪಿಗೆ ಮುಂಚೆ ನಾವೇ ತೋಟವನ್ನು ಅರ್ಧರ್ಧ ಮಾಡಿಕೊಂಡುಬಿಡೋಣ ಎಂದು. ಒಪ್ಪುವುದೋ ಬಿಡುವುದೋ? ತೀರ್ಪು ಅಣ್ಣನ ಕಡೆಗಿದ್ದರೆ ಅರ್ಧಕ್ಕೆ ಒಪ್ಪುವುದೇ ಜಾಣತನ. ತನ್ನ ಕಡೆಗಿದ್ದರೆ ಅರ್ಧ ಬಿಟ್ಟುಕೊಡುವುದು ಶುದ್ಧ ಪೆದ್ದುತನ. ಮೊದಲೇ ತಿಳಿದರೆ ಸಾಕಿತ್ತು.

ತಿಳಿಯುವ ದಾರಿ ಅವನ ಕೈಯಲ್ಲೇ ಇತ್ತು. ಶ್ಯಾಮಲಾ ಅವರ ಆಫೀಸಿನ ಕಂಪ್ಯೂಟರ್ ಕೆಲಸವೆಲ್ಲ ನಡೆಯುತ್ತಿದ್ದುದು ಮಾಲೂರಿನ ಅವನ ಸರ್ವರ್‌ನೊಳಗೆ. ಅಲ್ಲಿ ಒಂದೇ ದೊಡ್ಡ ಯಂತ್ರದಲ್ಲಿ ಹತ್ತಾರು ಗಿರಾಕಿಗಳ ವರ್ಚುವಲ್ ಮಷಿನ್‌ಗಳು, ಅಂದರೆ ಯಂತ್ರದೊಳಗಿನ ಯಂತ್ರಗಳು, ಬಾಡಿಗೆಗಿದ್ದವು. ಪ್ರತಿಯೊಂದೂ ಮೆಮೊರಿಯೆಲ್ಲ ತನ್ನದೇ ಎಂದು ನಂಬಿರುತ್ತದೆ. ನಿಜಕ್ಕೂ ಮೆಮೊರಿಯ ಯಾವ ಪುಟ ಎಲ್ಲಿದೆ, ಯಾರ ಅನುಭವದಲ್ಲಿದೆ ಎಂಬುದು ಪೇಜ್ ಟೇಬಲ್‌ಗೆ ಮಾತ್ರ ಗೊತ್ತು, ಹೊಲಕ್ಕೆ ಪಹಣಿ ಇದ್ದ ಹಾಗೆ.

ಆ ಪಹಣಿ ನೋಡಿಕೊಳ್ಳುವುದೇ ಕದಿರೇಶನ ಕೆಲಸ. ಜಾಗ ಉಳಿಸಲು ಅವನೇ ಒಂದು ಉಪಾಯ ಕೂರಿಸಿದ್ದ. ಇಬ್ಬರು ಬಾಡಿಗೆದಾರರ ಬಳಿ ಅಕ್ಷರಕ್ಕೆ ಅಕ್ಷರ ಒಂದೇ ಪುಟವಿದ್ದರೆ ಯಂತ್ರ ಒಂದನ್ನು ತೆಗೆದುಹಾಕಿ, ಇನ್ನೊಂದನ್ನು ಇಬ್ಬರಿಗೂ ಜಂಟಿ ಖಾತೆ ಮಾಡುತ್ತದೆ. ಅವರಿಗೆ ಗೊತ್ತೇ ಆಗುವುದಿಲ್ಲ. ಯಾರಾದರೂ ಒಬ್ಬರು ತಿದ್ದಲು ಹೋದಾಗ ಮಾತ್ರ ಭಾಗ ಮಾಡಬೇಕು, ಹೊಸ ನಕಲು ತೆಗೆಯಬೇಕು. ಅದಕ್ಕೆ ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ ಹೊತ್ತು ಸಾಕು. ಆದರೂ ತಡ ತಡವೇ, ಅಳೆಯಬಲ್ಲವನಿಗೆ ಅದು ಸಿಗುತ್ತದೆ.

ವಕೀಲೆಯ ಫೈಲನ್ನು ಅವನು ತೆರೆಯುವ ಹಾಗಿರಲಿಲ್ಲ. ತೆರೆದರೆ ದಾಖಲೆಯಲ್ಲಿ ಹೆಸರು ಬೀಳುತ್ತದೆ, ಕೆಲಸ ಹೋಗುತ್ತದೆ, ತೋಟವೂ ಹೋಗುತ್ತದೆ. ತೆರೆಯುವುದೇಕೆ? ಅದೇ ಸರ್ವರ್‌ನಲ್ಲಿದ್ದ ತನ್ನದೇ ಮಷಿನ್‌ನಲ್ಲಿ ಅದೇ ಒಕ್ಕಣೆಯ ಪುಟ ಸಿದ್ಧಮಾಡಿ, ಖಾಲಿ ಜಾಗದಲ್ಲಿ ಹೆಸರು ತುಂಬಿ, ಯಂತ್ರ ಜಂಟಿ ಮಾಡಲೆಂದು ಸುಮ್ಮನೆ ಕಾಯುವುದು. ಆಮೇಲೆ ಒಂದಕ್ಷರ ತಿದ್ದುವುದು. ತಿದ್ದುಪಡಿ ಕೂಡಲೇ ಆದರೆ ಅಂಥ ಪುಟ ಬೇರೆಲ್ಲೂ ಇಲ್ಲ. ತಡವಾದರೆ ವಕೀಲೆಯ ಬಳಿಯೂ ಅದೇ ಪುಟವಿದೆ. ತನ್ನ ಪುಟವನ್ನು ತಾನು ತಿದ್ದಿಕೊಂಡರೆ ಯಾವ ಪೊಲೀಸ್ ಏನು ಹಿಡಿದಾನು! ಈ ಯೋಚನೆ ಬಂದಾಗ ಅವನಿಗೆ ನಗುವೂ ಬರಲಿಲ್ಲ. ಊಟ ಮಾಡಿದ, ತಟ್ಟೆ ತೊಳೆದಿಟ್ಟ.

ಅವನೇನು ಹುಡುಗಾಟಕ್ಕೆ ಕೂತವನಲ್ಲ. ಮೊದಲು ‘ತೋಟವು ಅಪ್ಪಾಜಪ್ಪನಿಗೆ’ ಎಂದು ಇಲ್ಲದವನ ಹೆಸರು ಹಾಕಿ ನೋಡಿದ. ಒಂದಿಷ್ಟೂ ತಡವಿಲ್ಲ. ಅಳತೆ ಸರಿಯಿದೆ. ಆಮೇಲೆ ‘ತೋಟವು ಕದಿರೇಶನಿಗೆ, ಮನೆಯು ಅರುಣ್‌ಕುಮಾರನಿಗೆ’. ಕಾದ. ತಿದ್ದಿದ. ತಡವಾಯಿತು. ಇನ್ನೊಮ್ಮೆ ಮಾಡಿದ, ಮತ್ತೆ ತಡ. ಅಣ್ಣನ ಹೆಸರಿನ ಪುಟವೂ ಸಿದ್ಧವಿತ್ತು. ಆದರೆ ಕೈಗೆ ಸಿಕ್ಕಿದ್ದನ್ನು ಮತ್ತೆ ಹುಡುಕುವುದು ಯಂತ್ರಕ್ಕೂ ದಂಡ, ಮನುಷ್ಯನಿಗೂ ದಂಡ. ಅದನ್ನು ಪರೀಕ್ಷಿಸದೆಯೇ ಎಲ್ಲವನ್ನೂ ಅಳಿಸಿ ಹಾಕಿದ. ಸಂತೋಷವಾಗಬೇಕಿತ್ತು. ಆಯಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಶನಿವಾರ ಅರುಣ್‌ಕುಮಾರ್ ಬಾದಾಮಿ ಮಾವಿನ ಹಣ್ಣಿನ ಚೀಲ ಹಿಡಿದು ಮಾಲೂರಿಗೇ ಬಂದ. ಕಂಪನಿ ಗೇಟಿನ ಹೊರಗೆ ನಿಂತೇ ಮಾತಾಡಿದ.

“ಲೇ ಕದಿರ, ಅಮ್ಮ ಇರೋ ಕಡೆ ಅರ್ಧ ನೀನೇ ಇಟ್ಕೊಳ್ಳೋ. ನಂಗೆ ರಸ್ತೆ ಕಡೇದು ಸಾಕು. ಅವತ್ತು ಕಾಯ್ಬೇಕಾಗಿತ್ತು ಕಣೋ. ತಪ್ಪಾಯ್ತು.”

ಕದಿರೇಶ ಚೀಲದ ಕಡೆ ನೋಡಿದ. ಈ ಮಾತು ಮೊದಲೇ ಬಂದಿದ್ದರೆ ಅತ್ತುಬಿಡುತ್ತಿದ್ದನೇನೋ. ಈಗ ಅದು ಯಾರೋ ಯಾರಿಗೋ ಹೇಳಿದ ಹಾಗೆ ಕೇಳಿಸಿತು.

“ನಿನ್ ಭಿಕ್ಷೆ ಬೇಡಣ್ಣ. ಸೋಮವಾರ ಪೂರ್ತಿ ನಂದೇ ಆಗುತ್ತೆ. ಬೀಗದ ಕೈ ರೆಡಿ ಇಟ್ಕೊಂಡಿರು.”

“ಅಷ್ಟು ಗ್ಯಾರಂಟಿನಾ?”

“ಅಷ್ಟೇ.”

ಅಣ್ಣನ ಮುಖ ಬಿಗಿಯಿತು. “ಆಯ್ತು ಬಿಡಪ್ಪಾ. ಇನ್ಮೇಲೆ ನಾನು ಬಾಯಿ ಬಿಟ್ಟು ಕೇಳಲ್ಲ. ಮೇಡಂ ಏನ್ ಹೇಳ್ತಾರೋ ಅದೇ.” ಚೀಲವನ್ನು ವಾಪಸ್ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಸೋಮವಾರ ಕೋಲಾರದ ಆಫೀಸಿನಲ್ಲಿ ಶ್ಯಾಮಲಾ ಕನ್ನಡಕ ಏರಿಸಿಕೊಂಡು ಒಂದೇ ಉಸಿರಿಗೆ ಓದಿದರು. ತೋಟವು ಅರುಣ್‌ಕುಮಾರನಿಗೆ, ಮನೆಯು ಕದಿರೇಶನಿಗೆ. ಕದಿರೇಶ ಇನ್ನೊಂದು ಸಲ ಓದಿಸಿದ. ಅದೇ ಇತ್ತು. “ಅಣ್ಣಾ,” ಎಂದ. ಅರುಣ್‌ಕುಮಾರ್ ತಿರುಗಿ ನೋಡದೆ ಸಹಿ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಹೊರಗಿನ ಮೇಜಿನಲ್ಲಿದ್ದ ಟೈಪಿಸ್ಟ್ ಪವಿತ್ರ ತೀರ್ಪಿನ ಪ್ರತಿಯನ್ನು ಕೈಗಿಟ್ಟಳು. ಅವನ ಮುಖ ನೋಡಿ ಅವಳಿಗೆ ಅಯ್ಯೋ ಅನ್ನಿಸಿರಬೇಕು. “ಬೇಜಾರ್ ಮಾಡ್ಕೋಬೇಡಿ ಸಾರ್,” ಎಂದಳು. “ಮೇಡಂ ಕೊನೇ ಗಳಿಗೆವರೆಗೂ ತೂಗ್ತಾನೇ ಇರ್ತಾರೆ. ಅದಕ್ಕೇ ಯಾವ ಕೇಸಾದ್ರೂ ನನ್ ಕೈಲಿ ಎರಡೂ ತರ ಟೈಪ್ ಮಾಡ್ಸಿ ಇಟ್ಕೊಂಡಿರ್ತಾರೆ. ತೋಟ ನಿಮಗೇ ಅನ್ನೋದೂ ಒಂದಿತ್ತು ಸಾರ್. ವಾರದಿಂದ ಎರಡೂ ಪಕ್ಕಪಕ್ಕ ತೆರೆದೇ ಇದ್ವು.”