ಉಪ್ಪುನೀರಿನ ಬಿಸಿ

"ನಿಮ್ಮ ಪ್ರೋಟೀನುಗಳು ಅಂಟಿಕೊಂಡೇ ಇಲ್ಲ."

ಅವಳು ತಿರುಗಿ ನೋಡಿದಳು. ಶಾಖ ಅಳೆಯುವ ಯಂತ್ರ ನೋಡಿಕೊಳ್ಳಲು ಹೊಸದಾಗಿ ಬಂದವನು. ಅಂಗಿಯ ಗುಂಡಿ ನೆಟ್ಟಗೆ ಹಾಕಿಕೊಳ್ಳಲು ಬಾರದವನು. ಇವನು ನನಗೆ ಪಾಠ ಹೇಳುವುದೇ?

ರೋಗನಿರೋಧಕ ಕೋಶಗಳ ಮೈಮೇಲಿನ ಎರಡು ಪ್ರೋಟೀನುಗಳು ಒಂದನ್ನೊಂದು ಹಿಡಿದಾಗ ಚೂರು ಶಾಖ ಹೊರಬರುತ್ತದೆ. ಅವಳ ಗ್ರಾಫಿನಲ್ಲಿ ಅದು ಗುಡ್ಡದಷ್ಟಿತ್ತು. ನಾಳೆ ಸಭೆಯಲ್ಲಿ ತೋರಿಸಿದರೆ ಪಿಎಚ್‌ಡಿ ಮುಗಿದಂತೆ.

"ಏನ್ರೀ, ಕಣ್ಣು ಕಾಣಲ್ವಾ?"

"ಕಾಣುತ್ತೆ. ಒಂದು ದ್ರಾವಣದಲ್ಲಿ ಉಪ್ಪು ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ. ಆ ಉಪ್ಪು ಬೆರೆತ ಬಿಸಿ ಇದು. ಒಂದು ಪ್ರೋಟೀನ್ ಬಿಟ್ಟು ಬರೀ ಉಪ್ಪುನೀರು ಹಾಕಿ ನೋಡಿದೆ. ಆಗಲೂ ಇಷ್ಟೇ ಬಿಸಿ ಬಂತು."

"ನಿಮ್ಮನ್ನ ಯಾರು ಕೇಳಿದ್ರು?"

ಅವನು ಹೇಳಿದ್ದು ಸರಿಯಿರಬಹುದು... ಅದಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು. ಅವನ ಬಾಯಿ ಮುಚ್ಚಿಸಲೆಂದೇ ಎರಡೂ ಪ್ರೋಟೀನುಗಳನ್ನು ಒಂದೇ ದ್ರಾವಣಕ್ಕೆ ಹೊಂದಿಸಿ ಮತ್ತೆ ಅಳೆದಳು. ಗುಡ್ಡ ಮಾಯವಾಗಿ ಸಣ್ಣದೊಂದು ದಿಬ್ಬ ಉಳಿಯಿತು.

ಅಷ್ಟರಲ್ಲಿ ಗೈಡ್ ಕರೆಸಿದರು.

ಹೇಳಿಯೇಬಿಟ್ಟನಲ್ಲ, ಚಾಡಿಕೋರ...

ಗೈಡ್ ಟೀ ಹೀರುತ್ತಿದ್ದರು. ಪೈಪೆಟ್ ಮುಟ್ಟಿ ಯಾವ ಕಾಲವಾಯಿತೋ, ಹೆಸರು ಮಾತ್ರ ಎಲ್ಲ ಪ್ರಬಂಧಗಳ ಮೇಲೂ ಬೇಕು.

"ಆ ಉಪ್ಪುನೀರಿನ ಅಳತೆ ಕಂಪ್ಯೂಟರಲ್ಲಿ ನೋಡಿದೆ. ಆ ಯಂತ್ರದ ಹುಡುಗನಿಗೆ ಅಳಿಸಯ್ಯ ಅಂದ್ರೆ ಆಗಲ್ಲ ಅಂತಾನೆ. ಕೆಲಸದಿಂದ ತೆಗೀತೀನಿ ಅಂದೆ, ತೆಗೀರಿ ಅಂದ. ಕೊಬ್ಬು. ನೀನು ಆ ದೊಡ್ಡ ಗ್ರಾಫೇ ತೋರಿಸಮ್ಮ."

ಅವಳಿಗೆ ಗೈಡನ್ನು ಕಂಡು ಹೇಸಿಗೆಯಾಯಿತು. ತನ್ನನ್ನು ನೆನೆದು ಇನ್ನೂ ಹೆಚ್ಚು.

ಮರುದಿನ ಅವಳು ಚಿಕ್ಕ ಗ್ರಾಫನ್ನೇ ತೋರಿಸಿದಳು.

"ಮೊದಲಿನದು ನನ್ನ ತಪ್ಪು. ಇವು ಹಿಡಿಯೋದು ಸಡಿಲವಾಗಿ. ಮುಟ್ಟಿ, ಪರೀಕ್ಷಿಸಿ, ಬಿಡ್ತವೆ. ಬಿಗಿಯಾಗಿ ಅಂಟಿದ್ರೆ ಕೋಶ ಮುಂದಿನ ಕೋಶದ ಹತ್ರ ಹೋಗೋಕೇ ಆಗಲ್ಲ."

ಗೈಡ್ ಎದ್ದು ಹೋದರು. ಹಿಂದೆಯೇ ಅವರ ಬಾಲಬಡುಕರೂ.

ಯಂತ್ರದ ಕೋಣೆಯಲ್ಲಿ ಅವನು ಸಾಮಾನು ಕಟ್ಟುತ್ತಿದ್ದ.

"ನನ್ನ ಪಿಎಚ್‌ಡಿ ಮುಂದಕ್ಕೆ ಹೋಯ್ತು, ನಿಮ್ಮಿಂದ."

"ಸಾರಿ."

"ನಿಮ್ಮ ಕೆಲಸಾನೇ ಹೋಯ್ತು, ನನ್ನಿಂದ."

"ಅದಕ್ಕೇನಂತೆ."

"ಎಂಥ ದಡ್ಡರ್ರೀ ನೀವು..." ಅವಳು ಬಾಗಿಲಿಗೆ ಅಡ್ಡ ನಿಂತಳು. "ಚಾಡಿಕೋರ ಅಂದ್ಕೊಂಡೆ ನಿಮ್ಮನ್ನ. ಈಗ ನೀವಿಲ್ಲದ ಈ ಕೋಣೆ ನೆನೆಸಿಕೊಂಡ್ರೇ ಅಳು ಬರುತ್ತೆ."

ಅವನು ಕೈಲಿದ್ದ ಪೆಟ್ಟಿಗೆ ಕೆಳಗಿಟ್ಟ.

"ಭಾನುವಾರ ಮನೆಗೆ ಬನ್ನಿ," ಎಂದಳು.

"ಯಾರಿವನು ಅಂತ ನಿಮ್ಮಮ್ಮ ಕೇಳಿದ್ರೆ?"

"ನನ್ನ ಮನಸ್ಸಿಗೆ ಬಂದೋರು ಅಂತೀನಿ. ಅಳಿಸು ಅಂದ್ರೂ ಅಳಿಸಲ್ಲ."