ಕರಿ ಕಾರು, ಒದ್ದೆ ಬಟ್ಟೆ

"ಇನ್ನೊಂದು ಲಿಂಬಿ ಕೊಡು," ಎಂದಳು ಪ್ರಿಯದರ್ಶಿನಿ. ಕಾರಿನ ಬಾನೆಟ್ ತಿಕ್ಕುವುದನ್ನು ಮಾತ್ರ ನಿಲ್ಲಿಸಲಿಲ್ಲ.

ವಿಜಯಲಕ್ಷ್ಮಿ ಒಂದು ಹೋಳು ಕೊಟ್ಟಳು. ಇಂಡಿ ಊರಿನ ಲಿಂಬೆ ವ್ಯಾಪಾರಿ ಸಾವ್ಕಾರರ ಅಂಗಳದಲ್ಲಿ ಲಿಂಬೆಹಣ್ಣಿಗೇನು ಬರವೇ? ಕಾರು ನಿಲ್ಲಿಸುವ ಶೆಡ್ಡಿನ ತುಂಬ ಲಿಂಬೆಯ ಚೀಲ. ಹೀಗಾಗಿ ಸಾವ್ಕಾರರ ಕರಿ ಕಾರು ಎರಡು ದಿನದಿಂದ ಬಿಸಿಲಲ್ಲೇ ನಿಲ್ಲುತ್ತಿತ್ತು.

ನಿನ್ನೆ ಪ್ರಿಯದರ್ಶಿನಿಯ ಅಪ್ಪ, ಡ್ರೈವರ್ ಸಂಗಣ್ಣ, ಸಾವ್ಕಾರರನ್ನು ಆಲಮೇಲದ ಮದುವೆಯಿಂದ ಕರೆತರುವಷ್ಟರಲ್ಲಿ ಕತ್ತಲಾಗಿತ್ತು. ದಾರಿಯುದ್ದಕ್ಕೂ ಕಬ್ಬಿನ ಹೊಲ. ಲೈಟಿಗೆ ಮುತ್ತಿದ ಹುಳಗಳೆಲ್ಲ ಬಾನೆಟ್ಟಿಗೆ ಬಡಿದು ಅಂಟಿಕೊಂಡಿದ್ದವು.

ಹುಳ ಬಿಸಿಲಿಗೆ ಒಣಗಿದರೆ ಬಣ್ಣವನ್ನೇ ತಿನ್ನುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಅದಕ್ಕೇ ದಿನಾ ಹೊತ್ತೇರುವ ಮೊದಲು ಬಾನೆಟ್ ಮೇಲೆ ಒದ್ದೆ ಬಟ್ಟೆ ಹಾಸುತ್ತಿದ್ದ. ಹತ್ತು ಮಿನಿಟು ನೆನೆಯಲು ಬಿಟ್ಟು, ಆಮೇಲೆ ಹಗುರಕ್ಕೆ ಒರೆಸುತ್ತಿದ್ದ. ಇವತ್ತು ಅವನು ಬಕೆಟ್ ತುಂಬುತ್ತಿದ್ದಾಗಲೇ ಸಾವ್ಕಾರರು ಕರೆದಿದ್ದರು.

"ಅದನ್ನ ಆಮ್ಯಾಲೆ ಮಾಡಿಯಂತ. ಮೊದ್ಲ ಟೆಂಪೋ ತಗೊಂಡು ಲಿಂಬಿ ಬಜಾರಕ್ಕ ಮುಟ್ಟಿಸಿ ಬಾ. ಹತ್ತಕ್ಕ ನನಗ ಕಾರ್ ಬೇಕು."

ಅಪ್ಪನಿಗೆ ಬುತ್ತಿ ಕೊಡಲು ಬಂದ ಪ್ರಿಯದರ್ಶಿನಿ ಕಾರು ನೋಡಿ ಗಾಬರಿಯಾಗಿದ್ದಳು. ಆಗಲೇ ಒಂಬತ್ತೂವರೆ. ಬಾನೆಟ್ ಹಂಚಿನ ಹಾಗೆ ಕಾದಿತ್ತು. ಹೋದ ವಾರ ಗಾಜಿನ ಮೇಲೊಂದು ಕಲೆ ಕಂಡದ್ದಕ್ಕೆ ಸಾವ್ಕಾರರು, "ಇನ್ನೊಮ್ಮಿ ಹಿಂಗಾದ್ರ ಚಾವಿ ಇಟ್ಟು ನಡಿ," ಎಂದಿದ್ದರು.

"ನಮ್ಮವ್ವ ಹಿತ್ತಾಳಿ ತಂಬಗಿಗೆ ಲಿಂಬಿ, ಬೂದಿ ಹಚ್ಚಿ ತಿಕ್ಕತಾಳ. ಕನ್ನಡಿ ಆಗತೈತಿ ನೋಡು," ಎಂದಳು ಪ್ರಿಯದರ್ಶಿನಿ.

ಸಾವ್ಕಾರರ ಮಗಳು ವಿಜಯಲಕ್ಷ್ಮಿಗೂ ಉಮೇದು ಬಂತು. "ಹೌದಲ್ಲ, ಲಿಂಬ್ಯಾಗ ಆಸಿಡ್ ಇರತೈತಿ. ನಮ್ಮ ಸೈನ್ಸ್ ಬುಕ್‌ನ್ಯಾಗ ಐತಿ. ತಡಿ, ಬೂದಿ ನಾ ತರ್ತೇನಿ."

ಇಬ್ಬರೂ ಸೇರಿ ತಿಕ್ಕಿದರು. ಹುಳ ಹೋದವು. ನೀರು ಸುರಿದರು. ಕಾರು ಕರ್ರಗೆ ಹೊಳೆಯಿತು.

"ನಿಮ್ಮಪ್ಪ ಅರ್ಧಾ ತಾಸು ಮಾಡೂದು ನಾವು ಐದು ಮಿನಿಟಿಗೆ ಮುಗಿಸಿದ್ವಿ," ಎಂದು ವಿಜಯಲಕ್ಷ್ಮಿ ನಕ್ಕಳು.

ನೀರು ಆರತೊಡಗಿತು. ಆರಿದಲ್ಲೆಲ್ಲ ಕಪ್ಪು ಬಣ್ಣ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅದರ ತುಂಬ ಸಣ್ಣ ಸಣ್ಣ ಗೆರೆ, ಸ್ಲೇಟನ್ನು ಉಗುರಿನಿಂದ ಗೀಚಿದ ಹಾಗೆ. ಪ್ರಿಯದರ್ಶಿನಿ ಮತ್ತೆ ನೀರು ಹಾಕಿದಳು. ಗೆರೆ ಮರೆಯಾದವು. ನೀರು ಆರಿತು. ಮತ್ತೆ ಕಂಡವು.

ಟೆಂಪೋ ಬಂದು ನಿಂತಿತು. ಅಪ್ಪ ಇಳಿದು ಬಾನೆಟ್ ಮೇಲೆ ಅಂಗೈ ಆಡಿಸಿದ. ಮಗಳ ಕೈಯಲ್ಲಿದ್ದ ಬೂದಿ ನೋಡಿದ. ಬಟ್ಟೆ ನೆನೆಸಿ ಬಾನೆಟ್ ಮೇಲೆ ಹಾಸಿದ, ಇನ್ನೂ ಹುಳ ಇವೆಯೇನೋ ಎನ್ನುವಂತೆ.

ಸಾವ್ಕಾರರು ಹೊರಗೆ ಬಂದು ಬಟ್ಟೆ ಎತ್ತಿ ನೋಡಿದರು. "ಏನಿದು, ಸಂಗ್ಯಾ?"

"ಗಡಬಡಿಯೊಳಗ ನಾನ ತಿಕ್ಕೀನ್ರಿ. ತಪ್ಪಾತ್ರಿ."

ಖರೆ ಹೇಳಿದರೆ ದೊಡ್ಡವರು ಬಿಟ್ಟುಬಿಡುತ್ತಾರೆ ಎಂದು ಶಾಲೆಯಲ್ಲಿ ಟೀಚರು ಹೇಳಿದ್ದರು. ಪ್ರಿಯದರ್ಶಿನಿ ಮುಂದೆ ಬಂದಳು.

"ಇಲ್ರಿ ಸಾವ್ಕಾರ್ರ, ನಾ ತಿಕ್ಕೀನ್ರಿ. ನಮ್ಮಪ್ಪ ಇಲ್ಲಿ ಇದ್ದಿದ್ದಿಲ್ರಿ. ನೀವ ಬಜಾರಕ್ಕ ಕಳಿಸಿದ್ರಿ."

ಸಾವ್ಕಾರರು ಅವಳ ಕಡೆ ನೋಡಲೇ ಇಲ್ಲ. "ಯಾರು ತಿಕ್ಕಿದ್ರೇನು? ಗಾಡಿ ನಿನ್ನ ಕೈಯಾಗಿತ್ತು. ಚಾವಿ ಇಡು."

"ಎಂಟು ವರ್ಷ ಆತ್ರಿ ಸಾವ್ಕಾರ್ರ. ಶೆಡ್ಡಿನ್ಯಾಗ ಕಾರ್ ನಿಂದರಸಾಕ ಜಾಗಾ ಇದ್ದಿದ್ರ..."

"ಚಾವಿ ಇಡು ಅಂದೆ."

ವಿಜಯಲಕ್ಷ್ಮಿ ಬಾಗಿಲಲ್ಲಿ ನಿಂತಿದ್ದಳು, ಎರಡೂ ಕೈ ಬೆನ್ನ ಹಿಂದೆ. ಆ ಕೈಗಳಿಗೂ ಬೂದಿ ಮೆತ್ತಿತ್ತು. ತೋರಿಸು ಎಂದು ಯಾರೂ ಕೇಳಲಿಲ್ಲ.

ಅಪ್ಪ ಚಾವಿಯನ್ನು ಕಟ್ಟೆಯ ಮೇಲಿಟ್ಟ. ಹೋಗುವವನು ತಿರುಗಿ ಬಂದು ಬಟ್ಟೆ ತೆಗೆದುಕೊಂಡ. "ಇದು ನಮ್ಮದೈತ್ರಿ," ಎಂದ.

ಅದು ಅವ್ವನ ಹಳೆಯ ಸೀರೆಯ ತುಂಡು, ಮನೆಯಲ್ಲಿದ್ದ ಎಲ್ಲ ಬಟ್ಟೆಗಿಂತ ಮೆತ್ತಗಿನದು. ತಮ್ಮನಿಗೆ ಹೊದೆಯಲು ಹೊಲಿಯುವ ಕೌದಿಗೆಂದು ಅವ್ವ ತೆಗೆದಿಟ್ಟಿದ್ದಳು. ಕಾರಿಗೆ ಗೀರು ಬೀಳಬಾರದೆಂದು ಅಪ್ಪ ಕೇಳಿ ತಂದಿದ್ದ.

ಬಸ್ ಸ್ಟ್ಯಾಂಡಿನ ನಳದ ಹತ್ತಿರ ಬರುವಷ್ಟರಲ್ಲಿ ಪ್ರಿಯದರ್ಶಿನಿಯ ಬೆರಳುಗಳು ಉರಿಯತೊಡಗಿದ್ದವು. ಬೂದಿಗೆ ತರಚಿದ ಚರ್ಮದೊಳಗೆ ಲಿಂಬೆಯ ಹುಳಿ ಇಳಿದಿತ್ತು. ಅವಳು ಕೈಗಳನ್ನು ಲಂಗಕ್ಕೆ ತಿಕ್ಕತೊಡಗಿದಳು.

"ತಿಕ್ಕಬ್ಯಾಡ ಯವ್ವಾ. ನೆನೀಲಿ."

ಅಪ್ಪ ಬೇವಿನ ನೆರಳಲ್ಲಿ ಕುಳಿತು ಅವಳ ಎರಡೂ ಅಂಗೈಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಬಟ್ಟೆ ನೆನೆಸಿ, ಸುಕ್ಕಾಗದಂತೆ ಅವುಗಳ ಮೇಲೆ ಹಾಸಿದ.

"ಅಪ್ಪಾ, ನಾಳಿ ಎಲ್ಲಿ ಹೋಗ್ತಿ?"

ಅಪ್ಪ ಬಟ್ಟೆಯ ಅಂಚು ಸರಿಪಡಿಸಿದ. ಬಟ್ಟೆ ಆರಿದಂತೆಲ್ಲ ಬೊಗಸೆಯಲ್ಲಿ ನೀರು ತಂದು ಹನಿಸುತ್ತಿದ್ದ. ಹತ್ತು ಮಿನಿಟು ಕಳೆದವು, ಇಪ್ಪತ್ತು ಕಳೆದವು. ಅವರು ಹತ್ತಬೇಕಿದ್ದ ಸಿಂದಗಿ ಬಸ್ಸು ಬಂತು, ಹೋಯಿತು. ಅಪ್ಪ ಹೊರಡಲಿಲ್ಲ.

ಉರಿ ಯಾವಾಗಲೋ ನಿಂತಿತ್ತು. ಪ್ರಿಯದರ್ಶಿನಿ ಹೇಳಲಿಲ್ಲ. ಬಟ್ಟೆಯ ಕೆಳಗೆ ಕೈ ಹಾಗೇ ಇಟ್ಟುಕೊಂಡು ಕುಳಿತಳು.